ದೋಣಿಯವರ ಇಗರ್ಜಿ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ನಾನು ಬೆಳೆದ ಜುಬೈಲ್ ಎಂಬ ಅರಬ್ ಊರಿನ ನಮ್ಮ ಮನೆಯ ಕಾರ್ಪೆಟ್ ಕೆಂಪಗಿತ್ತು ಎಂದು ನನ್ನ ದಿನಚರಿಯಲ್ಲಿ ಒಂದು ಕಡೆ ಬರೆದಿದ್ದೇನೆ, ಇನ್ನೊಂದು ಕಡೆ ಹಸಿರು ಎಂದಿದ್ದೇನೆ. ಎರಡು ಸಲವೂ ಬರೆಯುವಾಗ ನನಗೆ ಸ್ವಲ್ಪವೂ ಅನುಮಾನ ಇದ್ದಂತಿಲ್ಲ. ನನ್ನನ್ನು ಹೆದರಿಸುವುದು ಅದೇ. ಬಣ್ಣಗಳನ್ನು ನಾನು ನಂಬುವುದಿಲ್ಲ, ಯಾರು ಯಾವಾಗ ನಕ್ಕರು ಎಂಬುದನ್ನೂ ಪೂರ್ತಿ ನಂಬುವುದಿಲ್ಲ. ವಾಸನೆಯ ವಿಷಯದಲ್ಲಿ ಮಾತ್ರ ಇನ್ನೂ ಸ್ವಲ್ಪ ಧೈರ್ಯವಿದೆ. ಈಗ ನಾವಿರುವುದು ಅದೇ ದೇಶದ ಜಿದ್ದಾದಲ್ಲಿ, ಅಜೀಜಿಯಾ ಬಡಾವಣೆಯಲ್ಲಿ. ಕೆಲವು ದಿನಗಳ ಹಿಂದೆ ಕೆಳಗಿನ ಮನೆಯ ಭಟ್ಕಳದ ಹೆಂಗಸು ಬಾಗಿಲು ತೆರೆದಿಟ್ಟುಕೊಂಡೇ ತಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ನಾನು ಅಲ್ಲೇ ನಿಂತೆ. ಆ ಎಣ್ಣೆಯ ವಾಸನೆಯ ಬೆನ್ನಿಗೇ ಅಲ್ಲಿ ಇಲ್ಲದ ಇನ್ನೊಂದು ವಾಸನೆ ಬಂತು, ಪೈನ್ ಮರದ್ದು, ಹಳೆಯ ವಾರ್ನಿಶಿನದ್ದು. ನಮ್ಮ ಮನೆಯಲ್ಲಿ ಇವೆರಡೂ ಒಟ್ಟಿಗೇ ಇರುತ್ತಿದ್ದವು. ಉಮ್ಮನ, ಅಂದರೆ ನನ್ನ ತಾಯಿಯ, ಹೊಲಿಗೆ ಯಂತ್ರದ ಕಾಲಬುಡದಲ್ಲಿ ಒಂದು ಇಡೀ ಊರು ಇತ್ತು.

ಅದು ಮರದ ಊರು. ತೆಳು ಹಲಗೆಯನ್ನು ಬಾಗಿಸಿ ಮಾಡಿದ ಡಬ್ಬಿಯೊಳಗೆ ಮುಷ್ಟಿಯಲ್ಲಿ ಹಿಡಿಯಬಹುದಾದ ಮನೆಗಳು, ಮೊನಚು ಮರಗಳು, ಒಂದು ಸೇತುವೆ, ಟೋಪಿ ಹಾಕಿದ ಮನುಷ್ಯರು, ಬಾತುಕೋಳಿಗಳು, ನಾಲ್ಕು ಇಗರ್ಜಿಗಳು. ಯುರೋಪಿನ ಬೆಟ್ಟಗಳ ನಡುವೆ ಹೊಳೆ ದಂಡೆಯಲ್ಲಿರುವ ಒಂದು ಸಣ್ಣ ಊರನ್ನು ನೋಡಿಯೇ ಅದನ್ನು ಕೆತ್ತಿದ್ದಂತೆ. ಊರಿನ ಹೆಸರು ಡಬ್ಬಿಯ ಮುಚ್ಚಳದ ಮೇಲಿತ್ತು, ಈಗಲೂ ಇದೆ. ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ಯಾರಾದರೂ ಇದನ್ನು ಓದಿಸಿ ಕೇಳಿ, ನಮ್ಮೂರಲ್ಲಿ ಇಂಥದ್ದೇನೂ ನಡೆದಿಲ್ಲ ಎಂದರೆ ನನ್ನ ಹತ್ತಿರ ಪುರಾವೆಯಿಲ್ಲ. ನನ್ನ ತಂದೆ, ಬಾಪ, ಆಗ ವಿದೇಶಿ ಇಂಜಿನಿಯರುಗಳು ವಾಸವಿದ್ದ ಒಂದು ಕಾಂಪೌಂಡಿನ ರಿಪೇರಿ ಆಫೀಸಿನಲ್ಲಿ ಕ್ಲರ್ಕ್. ಅಲ್ಲಿ ಯಾರಿಗಾದರೂ ಫೈನಲ್ ಎಕ್ಸಿಟ್ ಆದರೆ, ಅಂದರೆ ಅವರು ಕೆಲಸ ಮುಗಿಸಿ ಈ ದೇಶವನ್ನೇ ಬಿಟ್ಟು ಹೊರಟರೆ, ಅವರ ಸಾಮಾನು ನಮ್ಮಂಥವರ ಮನೆಗೆ ಬರುತ್ತಿತ್ತು. ನಮ್ಮ ಫ್ರಿಜ್ ಒಬ್ಬ ಫಿಲಿಪಿನೋ ನರ್ಸಿನದ್ದು, ಸೋಫಾ ಒಬ್ಬ ಈಜಿಪ್ಟಿನವನದ್ದು, ಗೋಡೆ ಗಡಿಯಾರ ಯಾರದ್ದೆಂದೇ ಗೊತ್ತಿಲ್ಲ. ಹೋದವರ ಮನೆಗಳನ್ನು ಒಂದೊಂದು ತುಂಡು ತಂದು ನಾವು ನಮ್ಮ ಮನೆ ಕಟ್ಟಿಕೊಂಡಿದ್ದೆವು. ಹೊಸದಾಗಿ ಕೊಂಡದ್ದು ಉಮ್ಮನ ಹೊಲಿಗೆ ಯಂತ್ರ ಒಂದನ್ನೇ.

ಮರದ ಊರು ಮಾತ್ರ ಹಾಗೆ ಬಂದದ್ದಲ್ಲ. ಅದನ್ನು ತಂದವರು ಮಾರ್ಟಾ ಆಂಟಿ, ಆ ಕಾಂಪೌಂಡಿನ ಒಬ್ಬ ಇಂಜಿನಿಯರನ ಹೆಂಡತಿ. ಉದ್ದಕ್ಕಿದ್ದರು, ಅವರ ಮೂಗಿನ ಮೇಲಿನ ಚರ್ಮ ಬಿಸಿಲಿಗೆ ಸದಾ ಸುಲಿದಿರುತ್ತಿತ್ತು. ಗುರುವಾರ ರಜೆಯ ದಿನ ಕಂಪನಿಯ ಡ್ರೈವರ್ ಅವರನ್ನು ನಮ್ಮ ಕಟ್ಟಡದ ಕೆಳಗೆ ಇಳಿಸಿ ಹೋಗುತ್ತಿದ್ದ. ಅವರು ಮೇಲೆ ಬಂದು, ಕಪ್ಪು ಮೇಲಂಗಿ ಅಬಾಯ ಕಳಚಿ ಕುರ್ಚಿಗೆ ಹಾಕಿ, ಚೀಲದಿಂದ ಬಟ್ಟೆ ತೆಗೆಯುತ್ತಿದ್ದರು. ಉಮ್ಮ ಗೌನು ಹೊಲಿಯುವುದರಲ್ಲಿ ಜಾಣೆ. ಅಳತೆಯ ಟೇಪು ಕುತ್ತಿಗೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು, ಕಣ್ಣಿನಲ್ಲೇ ಅಳೆಯುತ್ತಿದ್ದರು. ಒಂದು ಗುರುವಾರ ಆಂಟಿ ಬಟ್ಟೆಯ ಜೊತೆ ಈ ಡಬ್ಬಿಯನ್ನೂ ತಂದು ನನ್ನ ಮುಂದೆ ಸುರಿದರು. ಅದು ಅವರು ಹುಟ್ಟಿ ಬೆಳೆದ ಊರು. ಅವರಿಗೆ ಮಕ್ಕಳಿರಲಿಲ್ಲ ಎಂದು ನನಗೆ ನೆನಪು. ಇದ್ದಿರಲೂಬಹುದು.

ಸಂಜೆ ಬಾಪ ಬಂದು ಕಾರ್ಪೆಟ್ಟಿನ ಮೇಲೆ ಹರಡಿದ್ದ ಊರನ್ನು ನೋಡಿ ಬಾಗಿಲಿನ ಚಿಲಕ ಹಾಕಿದರು.

"ಇದನ್ನು ಯಾಕೆ ಇಟ್ಟುಕೊಂಡದ್ದು? ಯಾರಾದರೂ ಬಂದು ನೋಡಿದರೆ ಎಂತ ಹೇಳುವುದು?"

"ಮಗುವಿನ ಆಟದ ಸಾಮಾನು ಅಂತ ಹೇಳುವುದು," ಎಂದರು ಉಮ್ಮ, ತಲೆ ಎತ್ತದೆ.

"ಈ ದೇಶದಲ್ಲಿ ಇಡಬಾರದ್ದು, ಶಿಲುಬೆ ಉಂಟಲ್ಲ ಮಾರಾಯ್ತಿ ಅದರಲ್ಲಿ! ನಾಲ್ಕು ನಾಲ್ಕು!"

ಉಮ್ಮ ಹೊಲಿಯುತ್ತಿದ್ದ ಸಾಲು ಮುಗಿಸಿ, ನೂಲು ಕಡಿದು, ಪಕ್ಕದ ಬುಟ್ಟಿಗೆ ಕೈ ಹಾಕಿದರು. ನೂಲು ಮುಗಿದ ಪ್ಲಾಸ್ಟಿಕ್ ಕೋನುಗಳನ್ನು ಅವರು ಎಸೆಯುತ್ತಿರಲಿಲ್ಲ, ಯಾವುದಕ್ಕಾದರೂ ಆಗುತ್ತದೆ ಎಂದು ಕೂಡಿಡುತ್ತಿದ್ದರು. ಅವುಗಳಿಂದ ಒಂದೊಂದನ್ನೇ ತೆಗೆದು ಇಗರ್ಜಿಗಳ ಗೋಪುರದ ಮೇಲೆ ಕವುಚಿದರು. ಶಿಲುಬೆ, ಗಂಟೆಯ ಕಿಟಕಿ, ಮೊನಚು ಮಾಡು, ಎಲ್ಲವೂ ಅದರೊಳಗೆ ಸರಿಯಾಗಿ ಅಡಗಿದವು. ಬಾಪ ಸ್ವಲ್ಪ ಹೊತ್ತು ನೋಡಿ, "ಈಗ ಸೋಪಿನ ಫ್ಯಾಕ್ಟರಿ ಹಾಗೆ ಕಾಣ್ತದೆ," ಎಂದು ನಕ್ಕರು. ಆಮೇಲೆ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಕರೆಗಂಟೆ ಬಡಿದ ಕೂಡಲೇ ಉಮ್ಮ "ಟೋಪಿ!" ಎನ್ನುತ್ತಿದ್ದರು, ನಾನು ಓಡಿಹೋಗಿ ಕೋನು ಹಾಕುತ್ತಿದ್ದೆ. ಜಗತ್ತಿನ ಎಲ್ಲ ಇಗರ್ಜಿಗಳ ತುದಿಯೂ ಕೋನು ಹಾಕಲು ಅನುಕೂಲವಾಗಲಿ ಎಂದೇ ಚೂಪಾಗಿರುತ್ತದೆ ಎಂದು ನಾನು ಎಷ್ಟೋ ಕಾಲ ತಿಳಿದಿದ್ದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇತ್ತು. ನಾಲ್ಕರಲ್ಲಿ ಒಂದು, ಸನ್ಯಾಸಿಗಳ ಮಠದ ಇಗರ್ಜಿ, ಉಳಿದವುಗಳ ಹಾಗೆ ಮೊನಚಾಗಿರಲಿಲ್ಲ. ಅದರ ನೆತ್ತಿ ಈರುಳ್ಳಿಯ ಹಾಗೆ ಉಬ್ಬಿ ಮೇಲೆ ಕಿರಿದಾಗಿತ್ತು. ಹಸಿರು ಗುಮ್ಮಟ, ಪಕ್ಕದಲ್ಲಿ ತೆಳ್ಳಗಿನ ಗೋಪುರ. ಜುಬೈಲಿನಲ್ಲಿ ಬೆಳೆದ ನನಗೆ ಅದು ಪಳ್ಳಿಯಲ್ಲದೆ, ಮಸೀದಿಯಲ್ಲದೆ, ಇನ್ನೇನು? ಶುಕ್ರವಾರ ನಾನು ಊರಿನ ಟೋಪಿಯವರನ್ನೆಲ್ಲ ಆ ಇಗರ್ಜಿಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದೆ. ಹೆಂಗಸರನ್ನು ಹಿಂದೆ, ಬಾತುಕೋಳಿಗಳನ್ನು ಹೊರಗೆ. ನಮ್ಮ ಮನೆಯಲ್ಲಿ ಕಿಬ್ಲಾ, ನಮಾಜಿಗೆ ಮುಖ ಮಾಡುವ ದಿಕ್ಕು, ಫ್ರಿಜ್ ಇದ್ದ ಗೋಡೆಯ ಕಡೆ, ಹಾಗಾಗಿ ಇಗರ್ಜಿಯನ್ನೂ ಆ ಕಡೆಗೇ ತಿರುಗಿಸಿ ಇಡುತ್ತಿದ್ದೆ. ಮಾರ್ಟಾ ಆಂಟಿ ಅದನ್ನು ಒಮ್ಮೆ ಕಂಡರು. ಸಿಟ್ಟಾಗಬಹುದೆಂದು ಉಮ್ಮ ಹೆದರಿ ಯಂತ್ರ ನಿಲ್ಲಿಸಿದ್ದರು. ಆಂಟಿ ಮೊಣಕಾಲೂರಿ ಕೂತು, ಸಾಲಿನಲ್ಲಿ ಸೊಟ್ಟಗೆ ನಿಂತಿದ್ದ ಒಬ್ಬ ಮನುಷ್ಯನನ್ನು ಒಂದೇ ಬೆರಳಿನಿಂದ ಸರಿಮಾಡಿದರು.

ಆ ವರ್ಷವೇ ಬಾಪನ ತಂಗಿ ಸಫಿಯಾ ಮಾಮಿ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದದ್ದು. ಉಮ್ಮ ಬಸುರಿ, ಹೆರಿಗೆಗೆ ಒಬ್ಬರು ಬೇಕು ಎಂದು ನನಗೆ ಹೇಳಿದ್ದರು. ನಾನು ನಂಬಿದ್ದೆ. ಈಗ ಲೆಕ್ಕ ಹಾಕಿದರೆ ಸರಿಹೊಂದುವುದಿಲ್ಲ. ನನ್ನ ತಮ್ಮ ಹುಟ್ಟುವುದಕ್ಕೆ ಬಹಳ ಮೊದಲೇ ಮಾಮಿ ಬಂದಾಗಿತ್ತು. ಮಂಗಳೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದವರು ಪರೀಕ್ಷೆಯನ್ನೂ ಬರೆಯದೆ ಹೊರಟು ಬಂದಿದ್ದರು. ಅತ್ತಿಗೆಯ ಹೆರಿಗೆಗೆಂದು ಯಾರು ಹೀಗೆ ಬರುತ್ತಾರೆ? ಆಗ ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಮಾಮಿಯ ಉದ್ದ ಜಡೆ, ಮತ್ತು ಅವರಿಗೆ ಇಂಗ್ಲಿಷ್ ಬರುತ್ತದೆ ಎಂಬುದು. ಉಮ್ಮನಿಗೂ ಮಾರ್ಟಾ ಆಂಟಿಗೂ ನಡುವೆ ಅದುವರೆಗೆ ಇದ್ದದ್ದು ಬೆರಳುಗಳ ಭಾಷೆ. ಕಂಕುಳು ಬಿಗಿ, ಸೊಂಟ ಸಡಿಲ, ಉದ್ದ ಸಾಕು. ಮಾಮಿ ಬಂದ ಮೇಲೆ ಆ ಮನೆಯಲ್ಲಿ ಮಾತು ಶುರುವಾಯಿತು. ಆಂಟಿ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು, ಒಂದೊಂದೇ ಇಗರ್ಜಿ ಎತ್ತಿ ಇಂಗ್ಲಿಷಿನಲ್ಲಿ ಅದರ ಚರಿತ್ರೆ ಹೇಳುವುದು, ಮಾಮಿ ಅದನ್ನು ನಮ್ಮ ಮನೆಮಾತು ಬ್ಯಾರಿಯಲ್ಲಿ ನಮಗೆ ಹೇಳುವುದು, ಉಮ್ಮ ಹೊಲಿಯುತ್ತಲೇ ಕೇಳುವುದು. ನನಗೆ ಗೊತ್ತಿರುವ ಯುರೋಪಿನ ಚರಿತ್ರೆಯ ಮೊದಲ ಪಾಠ ಯಂತ್ರದ ಟಕಟಕದ ಮೇಲೆಯೇ ನಡೆಯಿತು.

ಹೀಗೆ ನಾನು ಕೇಳಿದ ಚರಿತ್ರೆ ಇದು. ಆ ಊರು ಉಪ್ಪಿನಿಂದ ಹುಟ್ಟಿದ ಊರು. ಮೇಲಿನ ಬೆಟ್ಟಗಳನ್ನು ಅಗೆದು ತೆಗೆದ ಉಪ್ಪು ದೋಣಿಗಳಲ್ಲಿ ಹೊಳೆ ಇಳಿದು ಬರುತ್ತಿತ್ತು, ಇಲ್ಲಿ ಅದನ್ನು ಇಳಿಸಿ ಗಾಡಿಗೆ ಹೇರಬೇಕು ಎಂಬುದು ಕಾನೂನು. ಇಳಿಸುವುದಕ್ಕೂ ಸುಂಕ, ಹೇರುವುದಕ್ಕೂ ಸುಂಕ. ಅದರಿಂದ ಶ್ರೀಮಂತರಾದ ಉಪ್ಪಿನ ವ್ಯಾಪಾರಿಗಳು ಪೇಟೆಯ ನಡುವೆ ಎರಡು ಗೋಪುರಗಳ ದೊಡ್ಡ ಇಗರ್ಜಿ ಕಟ್ಟಿಸಿದರು. ಒಂದು ಗೋಪುರ ಇನ್ನೊಂದಕ್ಕಿಂತ ಗಿಡ್ಡ, ಯಾಕೆಂದರೆ ಎರಡನೆಯದನ್ನು ಕಟ್ಟುವಾಗ ಎರಡು ಮನೆತನಗಳಿಗೆ ಜಗಳವಾಗಿ ಕೆಲಸ ನಿಂತಿತು. ಮಠದ ಇಗರ್ಜಿ ಒಂದು ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಮತ್ತೆ ಕಟ್ಟುವಾಗ ಆ ಕಾಲದ ಹೊಸ ಮಾದರಿಯಂತೆ ಈರುಳ್ಳಿ ಗುಮ್ಮಟ ಇಟ್ಟರು. ಗುಡ್ಡದ ಮೇಲಿನ ಬಿಳಿ ಇಗರ್ಜಿ ಪ್ಲೇಗ್ ಬಂದಾಗ ಬದುಕಿ ಉಳಿದವರು ಹೊತ್ತ ಹರಕೆ. ನಾಲ್ಕನೆಯದು, ನಾಲ್ಕರಲ್ಲಿ ಅತಿ ಚಿಕ್ಕದು, ದೋಣಿಯವರ ಇಗರ್ಜಿ. ಅದು ಪೇಟೆಯ ಕೋಟೆಗೋಡೆಯ ಹೊರಗೆ, ನೀರಿನ ಪಕ್ಕದಲ್ಲೇ ಇತ್ತು. ಉಪ್ಪು ಹೊತ್ತು ತರುವ ದೋಣಿಯವರಿಗೆ ಗೋಡೆಯ ಒಳಗೆ ರಾತ್ರಿ ತಂಗಲು ಅಪ್ಪಣೆಯಿರಲಿಲ್ಲ. ನೆರೆ ಬಂದಾಗಲೆಲ್ಲ ಅದು ಮುಳುಗುತ್ತಿತ್ತು, ಎಲ್ಲಿಯವರೆಗೆ ಮುಳುಗಿತು ಎಂದು ಗೋಡೆಯ ಮೇಲೆ ಗೆರೆ ಕೊರೆಯುತ್ತಿದ್ದರು. ನಮ್ಮ ಮರದ ಇಗರ್ಜಿಯ ಮೇಲೂ ಸೂಜಿಯಿಂದ ಗೀರಿದಂಥ ಗೆರೆಗಳಿದ್ದವು.

ಆ ಇಗರ್ಜಿಯ ಸರದಿ ಬಂದ ಗುರುವಾರವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಈಗ ಅದರಲ್ಲಿ ನೆನಪೆಷ್ಟು ನನ್ನ ಕೈವಾಡವೆಷ್ಟು ಎಂದು ಹೇಳಲಾರೆ. ಆಂಟಿ ಅದನ್ನು ಅಂಗೈಯಲ್ಲಿಟ್ಟು ಏನೋ ಚುಟುಕಾಗಿ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ, ಪೇಟೆಯಲ್ಲಿ ಮೀನಿನ ದರ ಹೇಳುವವರ ಹಾಗಿತ್ತು. ಆದರೆ ಮಾಮಿಯ ಬಾಯಲ್ಲಿ ಅದು ಉದ್ದವಾಯಿತು. ಉಪ್ಪಿನ ವ್ಯಾಪಾರಿಯ ಮಗಳೊಬ್ಬಳು ಪ್ರತಿದಿನ ಹೊಳೆ ದಾಟಬೇಕಾಗಿತ್ತಂತೆ, ದಾಟಿಸುವವನು ದೋಣಿಯವರ ಹುಡುಗ. ಅವನು ಅವಳಿಗಾಗಿ ದೋಣಿಯನ್ನು ನಿಧಾನ ನಡೆಸುತ್ತಿದ್ದನಂತೆ. ಮನೆಯವರಿಗೆ ಗೊತ್ತಾಯಿತು. ಹೊಡೆಯಲಿಲ್ಲ, ಬೈಯಲಿಲ್ಲ, ಬೆಟ್ಟದ ಆಚೆ ಇದ್ದ ಅಣ್ಣನ ಮನೆಗೆ ಕಳುಹಿಸಿಬಿಟ್ಟರು. ಹುಡುಗ ಆ ದಿನ ಇಗರ್ಜಿಯ ಗಂಟೆಯ ಹಗ್ಗ ಹಿಡಿದವನು ಬಿಡಲೇ ಇಲ್ಲ. ಗಂಟೆ ಬಿರುಕು ಬಿಟ್ಟು ಮೂಕವಾಯಿತು. ಇವತ್ತಿಗೂ ಆ ಇಗರ್ಜಿಯ ಗಂಟೆ ಬಡಿಯುವುದಿಲ್ಲ.

"ಅವಳು ತಿರುಗಿ ಬಂದಳಾ?" ಎಂದು ನಾನು ಕೇಳಿದೆ.

ಮಾಮಿ ಆಂಟಿಯನ್ನು ಕೇಳಲಿಲ್ಲ. ಅವರ ಕಡೆ ತಿರುಗಿಯೂ ನೋಡಲಿಲ್ಲ. "ಇಲ್ಲ," ಎಂದರು.

ಯಂತ್ರದ ಸದ್ದು ನಿಂತಿತ್ತು. ಉಮ್ಮ ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ, "ಸಾಕು ಸಫಿಯಾ, ಮಗುವಿಗೆ ಅದೆಲ್ಲ ಬೇಡ," ಎಂದರು. ಮಾರ್ಟಾ ಆಂಟಿ ಮುಗುಳ್ನಗುತ್ತ ಒಬ್ಬರಿಂದ ಒಬ್ಬರ ಮುಖ ನೋಡುತ್ತಿದ್ದರು, ತಾವು ಹೇಳಿದ್ದರಲ್ಲಿ ಅಂಥದ್ದೇನಿತ್ತು ಎನ್ನುವ ಹಾಗೆ. ಅಥವಾ ಆ ಮುಗುಳ್ನಗೆಯನ್ನು ನಾನು ಆಮೇಲೆ ಅಂಟಿಸಿದೆನೋ.

ಅದಾದ ಮೇಲೆ ನಾನು ಆ ಕತೆಯನ್ನು ಎಷ್ಟೋ ಸಲ ಕೇಳಿ ಹೇಳಿಸಿಕೊಂಡೆ. ಅಡಿಗೆಮನೆಯಲ್ಲಿ ಮೀನು ಉಜ್ಜುತ್ತ, ತಮ್ಮ ಹುಟ್ಟಿದ ಮೇಲೆ ಅವನನ್ನು ತೊಟ್ಟಿಲಲ್ಲಿ ತೂಗುತ್ತ ಮಾಮಿ ಹೇಳುತ್ತಿದ್ದರು, ಹೇಳಿದಾಗಲೆಲ್ಲ ಒಂದೊಂದು ವಿವರ ಹೆಚ್ಚುತ್ತಿತ್ತು. ಹುಡುಗನ ಅಂಗಿಯ ತೋಳು ಸದಾ ಒದ್ದೆ. ಹುಡುಗಿಯ ಕೈಯಲ್ಲಿ ಪುಸ್ತಕ. ಪುಸ್ತಕವೆಲ್ಲಿಂದ ಬಂತು? ಉಪ್ಪಿನ ವ್ಯಾಪಾರಿಯ ಮಗಳು ಹೊಳೆ ದಾಟಿ ಓದಲಿಕ್ಕೆ ಹೋಗುತ್ತಿದ್ದಳೇ, ಆ ಕಾಲದಲ್ಲಿ? ನಾನು ಚರಿತ್ರೆಯಲ್ಲೇ ಎಂ.ಎ. ಮಾಡಿದವಳು. ಆದರೂ ಈ ಪ್ರಶ್ನೆ ಕೇಳಿಕೊಳ್ಳಲು ನನಗೆ ನಡುವಯಸ್ಸು ಬರಬೇಕಾಯಿತು.

ಮಾರ್ಟಾ ಆಂಟಿಗೂ ಒಂದು ದಿನ ಫೈನಲ್ ಎಕ್ಸಿಟ್ ಆಯಿತು. ಕೊನೆಯ ಸಲ ಬಂದಾಗ ಅವರು ಹೊಲಿಸಲು ಏನನ್ನೂ ತಂದಿರಲಿಲ್ಲ. ಬಾಗಿಲ ಹತ್ತಿರ ನಿಂತು ಮಾಮಿಯ ಎರಡೂ ಕೈ ಹಿಡಿದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು, ತಗ್ಗಿದ ದನಿಯಲ್ಲಿ, ನಡುನಡುವೆ ಮಾಮಿಯ ಕಣ್ಣು ಒರೆಸಿ. ಮಾಮಿ ತಲೆ ಅಲ್ಲಾಡಿಸುತ್ತಲೇ ಇದ್ದರು. ಆಂಟಿ ಮೆಟ್ಟಿಲಿಳಿದ ಮೇಲೆ ಉಮ್ಮ ಕೇಳಿದರು, "ಎಂತ ಹೇಳಿದ್ದು ಅವರು ಅಷ್ಟು ಹೊತ್ತು?"

"ಬಟ್ಟೆ ಚಂದ ಹೊಲೀತಾರೆ ನಿನ್ನ ಅತ್ತಿಗೆ ಅಂತ," ಎಂದರು ಮಾಮಿ.

ಉಮ್ಮ ಸೂಜಿಗೆ ಹೊಸ ನೂಲು ಪೋಣಿಸತೊಡಗಿದರು. ಆಗ ನನಗೆ ಇಂಗ್ಲಿಷ್ ಭಾಷೆಯ ಮೇಲೆಯೇ ಕನಿಕರ ಹುಟ್ಟಿತ್ತು: ಇಷ್ಟು ಸಣ್ಣ ಮಾತು ಹೇಳಲು ಅವರು ಎಷ್ಟು ಕಷ್ಟಪಡಬೇಕು ಎಂದು. ಈಗ ಬೇರೆ ಸಂಶಯ. ಆ ಗುರುವಾರಗಳಲ್ಲಿ ನಮ್ಮೆಲ್ಲರ ಎದುರೇ, ನಮಗೆ ತಿಳಿಯದ ಭಾಷೆಯಲ್ಲಿ, ಮಾಮಿ ಆಂಟಿಗೆ ಏನೇನು ಹೇಳಿಕೊಂಡಿರಬಹುದು? ಆಂಟಿಯ ಊರಿನ ಚರಿತ್ರೆ ನಮ್ಮ ಕಡೆ ಬರುತ್ತಿದ್ದಾಗ ಇನ್ನೊಂದು ಊರಿನ ಚರಿತ್ರೆ ಆ ಕಡೆ ಹೋಗುತ್ತಿತ್ತೇ? ದುಭಾಷಿಯನ್ನು ಪರೀಕ್ಷಿಸಲು ಆ ಕೋಣೆಯಲ್ಲಿ ಇನ್ನೊಬ್ಬರು ಇರಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಉಮ್ಮ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಊರಿಗೆ ಹೋದರು, ಮಾಮಿ ಬರಲಿಲ್ಲ. ಬಾಪನ ಊರು ಮಂಗಳೂರಿನ ಹೊರಗೆ, ಹೊಳೆಯ ಬದಿಯಲ್ಲಿ. ಮನೆಯಿಂದ ಸ್ವಲ್ಪ ಇಳಿದರೆ ಕಡವು, ಅಲ್ಲಿಂದ ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಬಸ್ಸು ಹಿಡಿಯಬೇಕು. ಆಚೆ ದಡದ ತೆಂಗುಗಳ ನಡುವೆ ಒಂದು ಚಿಕ್ಕ ಬಿಳಿ ಇಗರ್ಜಿ, ನೀರಿನ ಪಕ್ಕದಲ್ಲೇ. ನಾನು ಅದನ್ನು ನೋಡಿ ಅಂಗಳದಿಂದಲೇ ಕೂಗಿದೆ, "ಅದು ನಮ್ಮ ಮನೆಯಲ್ಲಿ ಉಂಟು! ದೋಣಿಯವರದ್ದು! ಮಾಮಿ ಹೇಳಿದ್ದಾರೆ!" ಅಂಗಳದಲ್ಲಿ ನೆಂಟರಿದ್ದರು. ಅಜ್ಜಿಯ ಕೈ ಬಂದು ನನ್ನ ಬಾಯಿ ಮುಚ್ಚಿತು. ಆ ಕೈಯಲ್ಲಿ ಹೊಗೆಸೊಪ್ಪಿನ ವಾಸನೆಯಿತ್ತು. "ಯಾರ ಎದುರೂ ಅದನ್ನು ಹೇಳಬೇಡ," ಎಂದರು, ಬೈಯುವ ದನಿಯಲ್ಲಲ್ಲ, ಬೇಡುವ ದನಿಯಲ್ಲಿ. ಮನೆಯಲ್ಲಿ ಇಗರ್ಜಿಯ ಗೊಂಬೆ ಇದೆ ಎಂಬುದನ್ನು ಹೇಳಬಾರದು ಎಂದು ನಾನು ಅರ್ಥಮಾಡಿಕೊಂಡೆ. ಜುಬೈಲಿನ ಹುಡುಗಿಗೆ ಅದು ಸಹಜವೇ. ಮಾಮಿಯ ಕೋಣೆಯಲ್ಲಿ ನಾವು ಮಲಗುತ್ತಿದ್ದೆವು, ಅದರ ಹೊಳೆಯ ಕಡೆಯ ಕಿಟಕಿಗೆ ಹಲಗೆ ಹೊಡೆದಿತ್ತು. ಸೆಕೆಗೆ ಒದ್ದಾಡುತ್ತ ಉಮ್ಮ ಒಮ್ಮೆಯೂ ಅದನ್ನು ತೆಗೆಸಿ ಎಂದು ಹೇಳಲಿಲ್ಲ.

ಅಂದರೆ ಉಮ್ಮನಿಗೆ ಗೊತ್ತಿತ್ತು. ಅಥವಾ ಸೊಳ್ಳೆಗಾಗಿ ಹಲಗೆ ಹೊಡೆದಿದ್ದರು, ಅಷ್ಟೆ. ಸಂಶಯ ಒಮ್ಮೆ ಹತ್ತಿಕೊಂಡರೆ ಮುಚ್ಚಿದ ಕಿಟಕಿ, ನಿಂತ ಯಂತ್ರ, ಎಲ್ಲವೂ ಸಾಕ್ಷಿ ಹೇಳಲು ಎದ್ದು ನಿಲ್ಲುತ್ತವೆ. ನಾನು ಯಾರ ಬಾಯಿಂದಲೂ ಒಂದು ಮಾತು ಕೇಳಿಲ್ಲ, ಒಂದು ಹೆಸರು ಗೊತ್ತಿಲ್ಲ. ನನ್ನ ಬಳಿ ಇರುವುದು ಒಂದು ಕತೆ ಮಾತ್ರ.

ನಾವು ರಜೆ ಮುಗಿಸಿ ಬಂದ ಸ್ವಲ್ಪ ದಿನಕ್ಕೆ ಮಾಮಿಯ ನಿಕಾಹ್ ಆಯಿತು. ಹುಡುಗ ಬುರೈದಾದಲ್ಲಿ ಖರ್ಜೂರದ ಸಗಟು ಅಂಗಡಿಯಲ್ಲಿದ್ದವನು, ಉಡುಪಿಯ ಕಡೆಯವನು. ಒಳ್ಳೆಯ ಮನುಷ್ಯ. ಈ ಮಾತನ್ನು ನಾನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಇಂಥ ಕತೆಗಳಲ್ಲಿ ಗಂಡ ಕೆಟ್ಟವನಾದರೆ ಓದುವವರಿಗೂ ಬರೆಯುವವರಿಗೂ ಸುಲಭ. ಬುರೈದಾದ ಮಾವ ಹಾಗಲ್ಲ. ಪ್ರತಿ ಸುಗ್ಗಿಯಲ್ಲಿ ಮೊದಲ ಖರ್ಜೂರದ ಪೆಟ್ಟಿಗೆ ನಮ್ಮ ಮನೆಗೆ ಕಳಿಸುತ್ತಿದ್ದರು, ಮಾಮಿಯನ್ನು "ನಮ್ಮ ಪ್ರೊಫೆಸರ್" ಎಂದು ತಮಾಷೆ ಮಾಡುತ್ತಿದ್ದರು, ಮೂವರು ಮಕ್ಕಳ ಹೋಂವರ್ಕು ನೋಡಿಕೊಳ್ಳುವವಳು ಅವಳೇ ಎಂದು ಹೆಮ್ಮೆಪಡುತ್ತಿದ್ದರು. ಮದುವೆಯಾಗಿ ಬುರೈದಾಕ್ಕೆ ಹೊರಡುವ ದಿನ ಮಾಮಿ ಮರದ ಊರನ್ನು ಕೊನೆಯ ಸಲ ಜೋಡಿಸಿಕೊಟ್ಟರು. ದೋಣಿಯವರ ಇಗರ್ಜಿಯನ್ನು ಗೋಡೆಯ ಒಳಗೆ, ಪೇಟೆಯ ನಡುವೆ ಇಟ್ಟಿದ್ದರು. ತಪ್ಪು ಜಾಗ ಎಂದು ನಾನು ಅದನ್ನು ಎತ್ತಿ ಮತ್ತೆ ಹೊಳೆಯ ಪಕ್ಕ ಇಟ್ಟೆ.

ಎರಡು ವರ್ಷದ ಹಿಂದೆ ನನ್ನ ಗಂಡನ ಕಂಪನಿಯ ಕೆಲಸಕ್ಕೆ ಮಾರ್ಟಾ ಆಂಟಿಯ ದೇಶಕ್ಕೆ ಹೋಗಬೇಕಾಗಿ ಬಂದಾಗ ನಾನೂ ಹೊರಟೆ. ಒಂದು ದಿನ ರೈಲು ಹಿಡಿದು ಇಬ್ಬರೂ ಮುಚ್ಚಳದ ಮೇಲಿನ ಊರಿಗೆ ಹೋದೆವು. ಬೆಟ್ಟದ ತಿರುವಿನಲ್ಲಿ ಊರು ಕಂಡಾಗ ನನಗಾದದ್ದು ಸಂತೋಷವಲ್ಲ, ಒಂದು ಬಗೆಯ ಮುಜುಗರ. ಯಾರದೋ ಮನೆಯನ್ನು ನಾನು ಎಷ್ಟೋ ವರ್ಷ ಹೊಲಿಗೆ ಯಂತ್ರದ ಕೆಳಗೆ ಇಟ್ಟುಕೊಂಡಿದ್ದೆ. ಎಲ್ಲವೂ ಇತ್ತು. ಉಪ್ಪಿನವರ ಇಗರ್ಜಿಯ ಒಂದು ಗೋಪುರ ಗಿಡ್ಡವಾಗಿಯೇ ಇತ್ತು, ಜಗಳದ ಕತೆಯನ್ನು ಬಾಗಿಲ ಪಕ್ಕದ ಫಲಕದಲ್ಲೂ ಬರೆದಿದ್ದರು. ಒಳಗೆ ಬಂಗಾರದ ಬಳ್ಳಿಗಳು, ಕಂಬದ ಬುಡದಲ್ಲಿ ವ್ಯಾಪಾರಿಗಳ ಮನೆತನದ ಕಲ್ಲುಗಳು. ಮಠದ ಈರುಳ್ಳಿ ಗುಮ್ಮಟ ಮಳೆಗೆ ಮಿನುಗುತ್ತಿತ್ತು, ಅದರ ಮುಂದೆ ನಿಂತು ನಾನು ಕಿಬ್ಲಾ ಯಾವ ಕಡೆ ಎಂದು ಯೋಚಿಸಿದ್ದು ಗಂಡನಿಗೆ ಹೇಳಲಿಲ್ಲ. ಪ್ಲೇಗಿನ ಹರಕೆಯ ಇಗರ್ಜಿಗೆ ಹತ್ತುವ ದಾರಿಯಲ್ಲಿ ಸತ್ತವರ ನೆನಪಿಗೆ ನೆಟ್ಟ ಲಿಂಡನ್ ಮರಗಳು. ಮಾಮಿ ಹೇಳಿದ್ದೆಲ್ಲ ನಿಜ. ಇಷ್ಟು ನಿಜವಾಗಿದ್ದದ್ದು ನೋಡಿ ನನಗೆ ಇನ್ನಷ್ಟು ಗುಮಾನಿಯಾಯಿತು.

ದೋಣಿಯವರ ಇಗರ್ಜಿಗೆ ಬೀಗವಿತ್ತು. ರೈಲು ಬಂದ ಮೇಲೆ ಉಪ್ಪಿನ ದೋಣಿಗಳು ನಿಂತವು, ದೋಣಿಯವರು ಊರು ಬಿಟ್ಟರು, ಈಗ ಅವರ ಸಂತನ ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುವುದು. ಎದುರು ಮನೆಯ ಒಬ್ಬ ಮುದುಕಿ, ಏಪ್ರನ್ನಿನಲ್ಲಿ ಕೈ ಒರೆಸುತ್ತ, ದೊಡ್ಡ ಬೀಗದಕೈ ತಂದರು. ಒಳಗೆ ಒದ್ದೆ ಸುಣ್ಣದ ವಾಸನೆ, ಸೂರಿನಿಂದ ತೂಗುಬಿಟ್ಟ ಒಂದು ಮರದ ದೋಣಿ, ಗೋಡೆಯ ಮೇಲೆ ನೆರೆಯ ಗೆರೆಗಳು. ಮೇಲಿನ ಗೆರೆ ನನ್ನ ತಲೆಗಿಂತ ಎತ್ತರ. ಗಂಡನ ಮೊಬೈಲಿನ ಅನುವಾದದಲ್ಲಿ ನಾನು ಗಂಟೆಯ ಬಗ್ಗೆ ಕೇಳಿದೆ. ಯುದ್ಧಕಾಲದಲ್ಲಿ ಇಳಿಸಿಕೊಂಡು ಹೋಗಿ ಕರಗಿಸಿದರು, ಮತ್ತೆ ಹೊಸದು ಬರಲಿಲ್ಲ, ಎಂದು ಮೊಬೈಲು ಹೇಳಿತು. ವ್ಯಾಪಾರಿಯ ಮಗಳು, ದೋಣಿಯ ಹುಡುಗ? ಮುದುಕಿ ಎರಡು ಸಲ ಕೇಳಿಸಿಕೊಂಡು, ಗೆರೆಗಳ ಕಡೆ ಕೈ ತೋರಿಸಿ ನಕ್ಕು ಏನೋ ಹೇಳಿದರು. "ನಮಗೆ ನೆರೆಯೇ ಸಾಕಾಗಿತ್ತು, ಪ್ರೀತಿಗೆ ಪುರುಸೊತ್ತು ಎಲ್ಲಿ," ಎಂದಿತು ಮೊಬೈಲು. ನನ್ನ ಗಂಡ ನಕ್ಕ. ನಾನು ಅಲ್ಲೂ ನಂಬಲಿಲ್ಲ. ಆ ಮುದುಕಿಗೆ ಗೊತ್ತಿಲ್ಲದಿರಬಹುದು. ಅವರು ಹೇಳಿದ್ದು ಬೇರೆಯೇ ಇರಬಹುದು, ಅಲ್ಲೂ ನಡುವೆ ಒಂದು ದುಭಾಷಿ ಇತ್ತಲ್ಲ. ಅಂದು ಆಂಟಿ ಚುಟುಕಾಗಿ ಹೇಳಿದ್ದು ಇಷ್ಟೇ ಇರಬಹುದು ಎಂದು ವಾಪಸ್ ಬರುವಾಗ ರೈಲಿನಲ್ಲಿ ಹೊಳೆಯಿತು: ಗಂಟೆ ಇಲ್ಲ, ಯುದ್ಧದಲ್ಲಿ ಹೋಯಿತು.

ಹಾಗಾದರೆ ಉಳಿದದ್ದು ಯಾರದ್ದು? ಈ ಪ್ರಶ್ನೆಯನ್ನು ಉಮ್ಮನಿಗೆ ಕೇಳುವಂತಿಲ್ಲ. ಅವರು ತೀರಿಕೊಂಡು ಕೆಲವು ವರ್ಷವಾಯಿತು, ದಮ್ಮಾಮಿನ ಖಬರಸ್ಥಾನದಲ್ಲಿದ್ದಾರೆ. ಅಜ್ಜಿ ಇಲ್ಲ. ಹೊಳೆಗೆ ಸೇತುವೆ ಬಂದು ಕಡವು ಇಲ್ಲ. ದೋಣಿ ನಡೆಸುತ್ತಿದ್ದವನು ಒಬ್ಬನಿದ್ದನೇ, ಅವನು ಆಚೆ ದಡದ ಇಗರ್ಜಿಗೆ ಸೇರಿದವನೇ, ಅವನು ಏನಾದ, ಕೇಳಲು ನನಗೆ ಯಾರೂ ಇಲ್ಲ. ಇರುವವರು ಮಾಮಿ ಒಬ್ಬರೇ. ಅವರನ್ನು ಕೇಳುವ ಹಕ್ಕು ನನಗಿದೆಯೇ ಎಂಬುದೂ ಸಂಶಯ. ಕತೆ ಆಂಟಿಯದ್ದೇ ಎಂದರೆ ನಾನು ಇಷ್ಟು ವರ್ಷ ಮಾಮಿಯ ಮುಖದಲ್ಲಿ ಓದಿದ ದುಃಖ ನನ್ನ ಕಲ್ಪನೆ. ಮಾಮಿಯದ್ದು ಎಂದರೆ, ಅವರು ಅದನ್ನು ಹೇಳಿಕೊಳ್ಳಲು ಇಡೀ ಜುಬೈಲಿನಲ್ಲಿ ಸಿಕ್ಕ ಜಾಗ ಒಂದು ಮರದ ಆಟಿಕೆ, ಸಿಕ್ಕ ಕಿವಿ ಎರಡನೇ ಕ್ಲಾಸಿನ ನಾನು. ಆ ಹುಡುಗಿ ಕತೆ ಕೇಳಿ "ಇನ್ನೊಂದು ಸಲ ಹೇಳಿ" ಎಂದು ಕಾಡುತ್ತಿದ್ದಳು.

ಈ ವರ್ಷ ಬಾಪನಿಗೆ ಫೈನಲ್ ಎಕ್ಸಿಟ್ ಆಯಿತು. ಜುಬೈಲಿನ ಮನೆ ಖಾಲಿ ಮಾಡಲು ನಾನು ಹೋದೆ, ಬುರೈದಾದಿಂದ ಮಾಮಿ, ಮಾವ ಬಂದರು. ಈ ಸಲ ಸಾಮಾನು ಹೊತ್ತು ಇಳಿಸಿಕೊಂಡು ಹೋಗುವವರು ಬೇರೆಯವರು: ಸೋಫಾ ಒಬ್ಬ ನೇಪಾಳಿಗೆ, ಫ್ರಿಜ್ ಕೇರಳದ ಒಂದು ಹೊಸ ಸಂಸಾರಕ್ಕೆ. ಬಾಪ ಒಬ್ಬೊಬ್ಬರಿಗೂ ಆಯಾ ವಸ್ತುವಿನ ಹುಳುಕು ಹೇಳಿಕೊಡುತ್ತಿದ್ದರು. "ಈ ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು ಮಾರಾಯ, ಇಲ್ಲದಿದ್ದರೆ ತಣ್ಣಗಾಗುವುದಿಲ್ಲ." ಹೊಲಿಗೆ ಯಂತ್ರವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅದು ಇದ್ದ ಮೂಲೆಯಲ್ಲಿ, ಕೋನುಗಳ ಬುಟ್ಟಿಯ ಹಿಂದೆ, ಡಬ್ಬಿ ಸಿಕ್ಕಿತು. ನಾನು ಬರಿನೆಲದ ಮೇಲೆ ಊರನ್ನು ಜೋಡಿಸತೊಡಗಿದೆ. ಮಾಮಿ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಪಕ್ಕದಲ್ಲಿ ಕೂತರು. ಜಡೆಯಿಲ್ಲ ಈಗ, ದುಪಟ್ಟಾದ ಕೆಳಗೆ ತೆಳು ಬಿಳಿ ಕೂದಲು. ಉಪ್ಪಿನವರದ್ದು, ಮಠದ್ದು, ಗುಡ್ಡದ್ದು, ಅವರು ಒಂದೊಂದನ್ನೇ ಎತ್ತಿ ಕೊಟ್ಟರು, ನಾನು ಇ‌ಟ್ಟೆ. ನಾಲ್ಕನೆಯದನ್ನು ಅವರು ಕೊಡಲಿಲ್ಲ. ಅಂಗೈಯಲ್ಲೇ ಇಟ್ಟುಕೊಂಡು ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

ಆಗ ನಾನು ಕೇಳಿದೆ. ದನಿ ತಗ್ಗಿಸಿಯೇ ಕೇಳಿದೆ ಎಂದು ನನ್ನ ನಂಬಿಕೆ.

ಪಕ್ಕದ ಕೋಣೆಯಲ್ಲಿ ಮಾವ ಪೆಟ್ಟಿಗೆಗಳಿಗೆ ಟೇಪು ಎಳೆದು ಅಂಟಿಸುತ್ತಿದ್ದರು. ಆ ಸದ್ದು ನಿಂತಿತು. "ಪ್ರೊಫೆಸರೇ, ಚಾಯ ಉಂಟಾ ಇಲ್ವಾ ಈ ಮನೆಯಲ್ಲಿ?" ಎಂದು ಕೂಗಿದರು. ಮಾಮಿ ಆ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ಇಗರ್ಜಿಯನ್ನು ನೆಲದ ಮೇಲೆ, ಊರಿನಿಂದ ಸ್ವಲ್ಪ ದೂರ, ಹೊಳೆ ಇರಬೇಕಾದ ಜಾಗದ ಪಕ್ಕ ಇಟ್ಟರು. ಬುಟ್ಟಿಯಿಂದ ಒಂದು ಖಾಲಿ ಕೋನು ತೆಗೆದು, ಉಮ್ಮ ಮಾಡುತ್ತಿದ್ದ ಹಾಗೆ, ಗೋಪುರದ ಮೇಲೆ ಮೆಲ್ಲಗೆ ಕವುಚಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು, "ಬಂದೆ," ಎಂದರು, ಮಾವನಿಗೆ.

ಡಬ್ಬಿ ಈಗ ಅಜೀಜಿಯಾದಲ್ಲಿದೆ. ಊರನ್ನು ಗಾಜಿನ ಕಪಾಟಿನೊಳಗೆ ಜೋಡಿಸಿದ್ದೇನೆ, ಮೊದಲಿನ ಹೆದರಿಕೆ ಈಗಿಲ್ಲ, ಬಂದವರು ನೋಡುತ್ತಾರೆ, ನನ್ನ ಮಕ್ಕಳು ಅದನ್ನು ಮುಟ್ಟುವುದೂ ಇಲ್ಲ. ಮೂರು ಇಗರ್ಜಿಗಳು ಟೋಪಿಯಿಲ್ಲದೆ ಬಯಲಲ್ಲಿವೆ. ನಾಲ್ಕನೆಯದರ ಕೋನನ್ನು ನಾನು ತೆಗೆದಿಲ್ಲ. ಕೆಳಗಿನ ಮನೆಯಲ್ಲಿ ಯಂತ್ರ ಶುರುವಾದಾಗ ಕಪಾಟಿನ ಗಾಜು ಸಣ್ಣಗೆ ನಡುಗುತ್ತದೆ, ಅದರೊಳಗೆ ಆ ಕೋನೂ. ಬುರೈದಾಕ್ಕೆ ಫೋನು ಮಾಡಿದಾಗಲೆಲ್ಲ ಮಾಮಿ ಬಾಪನ ಬಿಪಿ ಕೇಳುತ್ತಾರೆ, ಮಕ್ಕಳ ಓದು ಕೇಳುತ್ತಾರೆ, ಖರ್ಜೂರ ಸಿಕ್ಕಿತಾ ಎಂದು ಕೇಳುತ್ತಾರೆ. ನಾನು ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಕೊನೆಗೆ ಅವರಾಗಿ ಫೋನು ಇಡುವುದಿಲ್ಲ, ನಾನೂ ಇಡುವುದಿಲ್ಲ. ಆ ಬರಿನೆಲದ ಮೇಲೆ ಕೂತು ಅಂದು ನಾನು ಕೇಳಿದ್ದು ಇನ್ನೂ ಅಲ್ಲೇ, ನಮ್ಮಿಬ್ಬರ ನಡುವೆ ಇದೆ: "ಮಾಮಿ, ಆ ಗಂಟೆಯ ಕತೆ ಮಾರ್ಟಾ ಆಂಟಿ ಹೇಳಿದ್ದಾ, ನೀವು ಹೇಳಿದ್ದಾ?"